ನಿದ್ದೆ ಕೆಡುವುದಕ್ಕೆ ಶ್ವಾಸಕೋಶವೂ ಕಾರಣವಾಗಬಹುದು

ನಡುರಾತ್ರಿ ಇದ್ದಕ್ಕಿದ್ದಂತೆ ಎಚ್ಚರವಾಗುತ್ತದೆ. ಎದೆ ಬಿಗಿದಂತೆ, ಗಾಳಿ ಸಾಲದಂತೆ ಭಾಸವಾಗುತ್ತದೆ. ಎದ್ದು ಕುಳಿತು, ಕಿಟಕಿ ತೆರೆದು, ಒಂದು ಲೋಟ ನೀರು ಕುಡಿದ ಮೇಲೆ ಸ್ವಲ್ಪ ಹಾಯೆನಿಸುತ್ತದೆ. ಮತ್ತೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಬೆಳಗಾದಾಗ ತಲೆಭಾರ, ಮಧ್ಯಾಹ್ನ ಕೆಲಸದ ನಡುವೆ ತೂಕಡಿಕೆ. ವಾರಗಟ್ಟಲೆ ಹೀಗೇ ನಡೆದರೂ ಬಹಳಷ್ಟು ಜನ ಇದನ್ನು ಚಿಂತೆ, ವಯಸ್ಸು, ಗ್ಯಾಸ್ ಅಥವಾ ಕೆಲಸದ ಒತ್ತಡದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಪರಿಚಯದ ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತರಿಸಿಕೊಳ್ಳುತ್ತಾರೆ.

ತೊಂದರೆ ಇರುವುದು ಮನಸ್ಸಿನಲ್ಲಲ್ಲ, ಉಸಿರಾಟದಲ್ಲಿ ಎಂದಾದರೆ ಈ ಮಾತ್ರೆಯಿಂದ ಕಾಯಿಲೆ ಗುಣವಾಗುವುದಿಲ್ಲ. ಅಷ್ಟೇ ಅಲ್ಲ, ಉಸಿರುಕಟ್ಟಿದಾಗ ದೇಹವನ್ನು ಎಚ್ಚರಿಸುವ ರಕ್ಷಣಾ ವ್ಯವಸ್ಥೆಯನ್ನೇ ಅದು ಮಂಕಾಗಿಸಬಹುದು. ಆದ್ದರಿಂದ ನಿದ್ದೆಯ ದೂರಿಗೆ ಮದ್ದು ಹುಡುಕುವ ಮುನ್ನ ರಾತ್ರಿ ಉಸಿರಾಟ ಹೇಗೆ ನಡೆಯುತ್ತಿದೆ ಎಂಬುದನ್ನು ತಿಳಿಯುವುದು ಅಗತ್ಯ.

ಮಲಗಿದಾಗ ಶ್ವಾಸಕೋಶದಲ್ಲಿ ಏನಾಗುತ್ತದೆ?

ಆರೋಗ್ಯವಂತ ವಯಸ್ಕರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡುತ್ತಾರೆ. ನಿದ್ದೆ ಬಂದೊಡನೆ ಉಸಿರಾಟಕ್ಕೆ ಮಿದುಳು ನೀಡುವ ಪ್ರಚೋದನೆ ತಗ್ಗುತ್ತದೆ, ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದಾಗ ಹೊಟ್ಟೆಯ ಅಂಗಾಂಗಗಳು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಪ್ರಮಾಣವೂ ಕಡಿಮೆಯಾಗುತ್ತದೆ. ಪರಿಣಾಮವಾಗಿ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಕೊಂಚ ಇಳಿದು, ಇಂಗಾಲದ ಡೈ ಆಕ್ಸೈಡ್ ಕೊಂಚ ಏರುತ್ತದೆ. ಆರೋಗ್ಯವಂತರಿಗೆ ಇದು ಗಮನಕ್ಕೂ ಬಾರದಷ್ಟು ಸಣ್ಣ ವ್ಯತ್ಯಾಸ.

ನಿದ್ದೆಯ ಎಲ್ಲ ಹಂತಗಳೂ ಒಂದೇ ಬಗೆಯಲ್ಲಿರುವುದಿಲ್ಲ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತವೊಂದಿದೆ ಎಂಬುದನ್ನು 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಪ್ರಕಟಿಸಿದರು. ಕನಸುಗಳು ಹೆಚ್ಚಾಗಿ ಬೀಳುವ ಈ ಹಂತಕ್ಕೆ ರೆಮ್ ನಿದ್ದೆ ಎಂದು ಹೆಸರು. ಈ ಹೊತ್ತಿನಲ್ಲಿ ದೇಹದ ಬಹುತೇಕ ಸ್ನಾಯುಗಳು ನಿಶ್ಚೇಷ್ಟಿತವಾಗುತ್ತವೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಕುತ್ತಿಗೆಯ ಸ್ನಾಯುಗಳೂ ಉಸಿರಾಟಕ್ಕೆ ಒದಗದೆ, ಬಹುಮಟ್ಟಿಗೆ ವಪೆಯೊಂದೇ ಆ ಹೊಣೆ ಹೊರುತ್ತದೆ. ರೆಮ್ ಹಂತ ರಾತ್ರಿಯ ಕೊನೆಯ ಭಾಗದಲ್ಲಿ ದೀರ್ಘವಾಗಿರುತ್ತದೆ. ಹಗಲಿನಲ್ಲಿ ಹೇಗೋ ಸಂಭಾಳಿಸಿಕೊಂಡು ಹೋಗುವ ಶ್ವಾಸಕೋಶದ ದೌರ್ಬಲ್ಯ ಬೆಳಗಿನ ಜಾವದಲ್ಲಿ ಬಯಲಾಗುವುದಕ್ಕೆ ಇದೂ ಒಂದು ಕಾರಣ.

ಬೆಳಗಿನ ಜಾವದ ಉಬ್ಬಸ

ಶ್ವಾಸನಾಳಗಳ ಅಗಲ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ದೇಹದ ಆಂತರಿಕ ಗಡಿಯಾರಕ್ಕನುಗುಣವಾಗಿ ಅವು ಮಧ್ಯಾಹ್ನದ ನಂತರ ಹೆಚ್ಚು ಹಿಗ್ಗಿದ್ದು, ನಸುಕಿನ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಹೆಚ್ಚು ಕುಗ್ಗಿರುತ್ತವೆ. ಉರಿಯೂತದಿಂದ ಮೊದಲೇ ಊದಿಕೊಂಡಿರುವ ಅಸ್ತಮಾ ರೋಗಿಗಳ ಶ್ವಾಸನಾಳದಲ್ಲಿ ಈ ಏರಿಳಿತ ಬಹಳ ಹೆಚ್ಚು. ಹಾಗಾಗಿ ಹಗಲಿಡೀ ಚೆನ್ನಾಗಿದ್ದವರೂ ನಸುಕಿನಲ್ಲಿ ಕೆಮ್ಮು, ಎದೆಯಲ್ಲಿ ಸುಯ್‌ಗುಟ್ಟುವಿಕೆ ಮತ್ತು ದಮ್ಮಿನಿಂದ ಏಳುತ್ತಾರೆ. ಹಾಸಿಗೆಯ ದೂಳಿನಲ್ಲಿರುವ ನುಸಿ, ತಂಪು ಗಾಳಿ, ಮಲಗಿದಾಗ ಗಂಟಲಿನತ್ತ ಉಕ್ಕುವ ಜಠರಾಮ್ಲ ಇದನ್ನು ಮತ್ತಷ್ಟು ಉಲ್ಬಣಗೊಳಿಸುತ್ತವೆ.

ರಾತ್ರಿಯ ಎಚ್ಚರವನ್ನು ಅಸ್ತಮಾ ಚಿಕಿತ್ಸೆಯಲ್ಲಿ ಬಹುಮುಖ್ಯ ಸೂಚನೆಯೆಂದು ಪರಿಗಣಿಸಲಾಗುತ್ತದೆ. ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಜಿನಾ ಪ್ರಕಾರ ರೋಗಿಗೆ ನಾಲ್ಕು ಪ್ರಶ್ನೆ ಕೇಳಬೇಕು. ಕಳೆದ ನಾಲ್ಕು ವಾರಗಳಲ್ಲಿ ಹಗಲಿನ ತೊಂದರೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಕಾಣಿಸಿಕೊಂಡಿತೇ? ಅಸ್ತಮಾದಿಂದ ರಾತ್ರಿ ಒಮ್ಮೆಯಾದರೂ ಎಚ್ಚರವಾಯಿತೇ? ತಕ್ಷಣದ ಉಪಶಮನಕ್ಕೆಂದು ಇರುವ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬೇಕಾಯಿತೇ? ದೈನಂದಿನ ಚಟುವಟಿಕೆಗೆ ಅಡ್ಡಿಯಾಯಿತೇ? ಯಾವುದೇ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಕಾಯಿಲೆ ಪೂರ್ಣ ಹತೋಟಿಯಲ್ಲಿಲ್ಲ ಎಂದರ್ಥ. ಅಂಥವರಿಗೆ ಬೇಕಿರುವುದು ನಿದ್ದೆ ಮಾತ್ರೆಯಲ್ಲ, ಉರಿಯೂತ ತಗ್ಗಿಸುವ ಇನ್‌ಹೇಲರ್‌ನ ಸಮರ್ಪಕ ಬಳಕೆ.

ಇನ್‌ಹೇಲರ್ ಹಿಡಿದರೆ ಅದೇ ಚಟವಾಗುತ್ತದೆ ಎಂಬ ತಪ್ಪು ಕಲ್ಪನೆ ಇಂದಿಗೂ ಉಳಿದಿದೆ. ವಾಸ್ತವದಲ್ಲಿ ಇನ್‌ಹೇಲರ್ ಮೂಲಕ ಔಷಧಿ ನೇರವಾಗಿ ಶ್ವಾಸನಾಳ ತಲುಪುವುದರಿಂದ ಮಾತ್ರೆಗಿಂತ ತೀರ ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತದೆ. ಕೇವಲ ತಕ್ಷಣದ ಉಪಶಮನದ ಔಷಧಿಯೊಂದನ್ನೇ ನೆಚ್ಚಿಕೊಳ್ಳಬಾರದು ಎಂದು ಜಿನಾ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ.

ಬೀಡಿಯ ಹೊಗೆ, ಒಲೆಯ ಹೊಗೆ

ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿ, ಗಾಳಿಚೀಲಗಳು ನಾಶವಾಗುತ್ತ ಹೋಗುವ ಕಾಯಿಲೆ ಸಿಒಪಿಡಿ. ಲ್ಯಾನ್ಸೆಟ್ ಸಮೂಹದ ನಿಯತಕಾಲಿಕದಲ್ಲಿ 2018ರಲ್ಲಿ ಪ್ರಕಟವಾದ ಅಂದಾಜಿನಂತೆ 2016ರಲ್ಲಿ ಭಾರತದಲ್ಲಿ 5.53 ಕೋಟಿ ಸಿಒಪಿಡಿ ರೋಗಿಗಳಿದ್ದರು. 1990ರಲ್ಲಿ ಈ ಸಂಖ್ಯೆ 2.81 ಕೋಟಿಯಷ್ಟಿತ್ತು.

ಇದು ಬೀಡಿ, ಸಿಗರೇಟು ಸೇದುವ ಗಂಡಸರ ಕಾಯಿಲೆ ಎಂಬ ತಿಳಿವಳಿಕೆ ಅರ್ಧಸತ್ಯ. ಸೌದೆ, ಬೆರಣಿ, ಕೃಷಿತ್ಯಾಜ್ಯ ಉರಿಸುವ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತ ಮಹಿಳೆಯರೂ ಇದಕ್ಕೆ ಬಲಿಯಾಗುತ್ತಾರೆ. ಒಲೆಯ ಮುಂದೆ ದಿನಕ್ಕೆ ಕಳೆಯುವ ಸರಾಸರಿ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದರೆ ದೊರೆಯುವ ಸಂಖ್ಯೆಯನ್ನು ಹೊಗೆಗೆ ಒಡ್ಡಿಕೊಂಡ ಸೂಚ್ಯಂಕವೆಂದು ವೈದ್ಯರು ಬಳಸುತ್ತಾರೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಅಧ್ಯಯನಕ್ಕೆ ಒಳಪಡಿಸಿ 2013ರಲ್ಲಿ ಪ್ರಕಟವಾದ ವರದಿ, ಈ ಸೂಚ್ಯಂಕ 60 ತಲುಪಿದರೆ ದೀರ್ಘಕಾಲಿಕ ಶ್ವಾಸನಾಳ ಉರಿಯೂತದ ಅಪಾಯ ಗಣನೀಯವಾಗಿ ಹೆಚ್ಚುತ್ತದೆ ಎಂದು ಗುರುತಿಸಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದರೆ 60 ಆಗುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ನಂತರ ಹಳ್ಳಿಗಳಿಗೂ ಅಡುಗೆ ಅನಿಲ ತಲುಪಿದೆ. ಆದರೆ ಅದಕ್ಕೆ ಮುನ್ನ ದಶಕಗಳ ಕಾಲ ಉಸಿರಾಡಿದ ಹೊಗೆಯ ಪರಿಣಾಮ ಅಳಿಸಿಹೋಗುವುದಿಲ್ಲ. ಈಗ ನಗರದಲ್ಲಿ ಮಕ್ಕಳೊಂದಿಗೆ ನೆಲೆಸಿರುವ ತಾಯಿ, ಅಜ್ಜಿಯರ ರಾತ್ರಿಯ ಕೆಮ್ಮು, ನಿದ್ದೆಗೇಡುಗಳನ್ನು ವಿಚಾರಿಸುವಾಗ ಅವರ ಹಳೆಯ ಅಡುಗೆಮನೆಯನ್ನೂ ನೆನಪಿಸಿಕೊಳ್ಳಬೇಕು.

ಸಿಒಪಿಡಿ ರೋಗಿಯ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡು ವಪೆ ಚಪ್ಪಟೆಯಾಗಿರುತ್ತದೆ. ಹಗಲಿನಲ್ಲಿ ಆತ ಕುತ್ತಿಗೆ ಮತ್ತು ಎದೆಯ ಸ್ನಾಯುಗಳ ನೆರವಿನಿಂದ ಉಸಿರಾಡುತ್ತಾನೆ. ರೆಮ್ ನಿದ್ದೆಯಲ್ಲಿ ಆ ನೆರವು ಇಲ್ಲವಾಗಿ, ರಕ್ತದ ಆಮ್ಲಜನಕ ತೀವ್ರವಾಗಿ ಕುಸಿಯುತ್ತದೆ. ಹೀಗೆ ರಾತ್ರಿರಾತ್ರಿಯೂ ಆಮ್ಲಜನಕ ಕುಸಿಯುತ್ತಿದ್ದರೆ ಶ್ವಾಸಕೋಶದ ರಕ್ತನಾಳಗಳು ಸಂಕುಚಿತಗೊಂಡು ಹೃದಯದ ಬಲಭಾಗದ ಮೇಲೆ ಹೊರೆ ಬೀಳುತ್ತದೆ. ಕಾಲ ಕ್ರಮೇಣ ಪಾದಗಳು ಊದಿಕೊಳ್ಳುತ್ತವೆ. ಬೆಳಗ್ಗೆ ಏಳುವಾಗ ಕಾಡುವ ತಲೆನೋವು ರಾತ್ರಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿರುವುದರ ಕುರುಹಾಗಿರಬಹುದು.

ಗೊರಕೆ ಸುಖನಿದ್ರೆಯ ಲಕ್ಷಣವಲ್ಲ

ಶ್ವಾಸಕೋಶ ಆರೋಗ್ಯವಾಗಿದ್ದರೂ ಅದಕ್ಕೆ ಗಾಳಿ ತಲುಪುವ ದಾರಿ ಗಂಟಲಿನಲ್ಲೇ ಮುಚ್ಚಿಹೋಗುವ ಕಾಯಿಲೆ ಸ್ಲೀಪ್ ಆಪ್ನಿಯಾ. ನಾಲಿಗೆಯ ಬುಡ ಮತ್ತು ಮೆದು ಅಂಗುಳು ಹಿಂದಕ್ಕೆ ಜಾರಿ ದಾರಿಯನ್ನು ಕಿರಿದಾಗಿಸಿದಾಗ ಗೊರಕೆ ಕೇಳಿಸುತ್ತದೆ. ಪೂರ್ತಿ ಮುಚ್ಚಿದಾಗ ಸದ್ದು ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಆಮ್ಲಜನಕ ಕುಸಿದೊಡನೆ ಮಿದುಳು ಅರೆಕ್ಷಣ ಎಚ್ಚರಗೊಂಡು ಗಂಟಲಿನ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಮಲಗಿದವರಿಗೆ ಇದಾವುದೂ ನೆನಪಿರುವುದಿಲ್ಲ. ಇದನ್ನು ಮೊದಲು ಗಮನಿಸುವುದು ಸಾಮಾನ್ಯವಾಗಿ ಪಕ್ಕದಲ್ಲಿ ಮಲಗುವ ಪತ್ನಿ ಅಥವಾ ಪತಿ.

ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸಲಾಗುತ್ತದೆ. ಉಸಿರು ನಿಲ್ಲುವ ಅಥವಾ ಗಣನೀಯವಾಗಿ ಕ್ಷೀಣಿಸುವ ಇಂಥ ಘಟನೆಗಳು ಗಂಟೆಗೆ 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರೊಳಗಿದ್ದರೆ ಮಧ್ಯಮ, 30 ಮೀರಿದರೆ ತೀವ್ರ ಎಂದು ವಿಂಗಡಣೆ. 2019ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ 30ರಿಂದ 69 ವರ್ಷದೊಳಗಿನ ಸುಮಾರು 93.6 ಕೋಟಿ ಜನರಿಗೆ ಈ ಸಮಸ್ಯೆಯಿದೆ.

ಸ್ಥೂಲಕಾಯ ಇದರ ಪ್ರಮುಖ ಕಾರಣವಾದರೂ ತೆಳ್ಳಗಿರುವವರಿಗೆ ಬಾರದೆಂದಿಲ್ಲ. ಚಿಕ್ಕ ದವಡೆ, ದಪ್ಪ ಕುತ್ತಿಗೆ, ಮೂಗಿನ ತಡೆ, ಮದ್ಯಪಾನ ಇವೂ ಕಾರಣಗಳೇ. ಮಹಿಳೆಯರಲ್ಲಿ ಋತುಬಂಧದ ನಂತರ ಅಪಾಯ ಹೆಚ್ಚುತ್ತದೆ. ಮಕ್ಕಳಲ್ಲಿ ಟಾನ್ಸಿಲ್ ಮತ್ತು ಅಡಿನಾಯ್ಡ್ ಊದಿಕೊಂಡಿರುವುದು ಸಾಮಾನ್ಯ ಕಾರಣ. ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ, ಹಗಲಿನಲ್ಲಿ ಪಾಠದ ಮೇಲೆ ಗಮನ ನಿಲ್ಲದ ಮಗುವನ್ನು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು.

ಚಿಕಿತ್ಸೆ ಪಡೆಯದ ಸ್ಲೀಪ್ ಆಪ್ನಿಯಾಗೂ ಅಧಿಕ ರಕ್ತದೊತ್ತಡ, ಹೃದಯ ಬಡಿತದ ಏರುಪೇರು ಮತ್ತು ಪಾರ್ಶ್ವವಾಯುವಿಗೂ ನಿಕಟ ನಂಟಿದೆ. ವಾಹನ ಚಲಾಯಿಸುವಾಗ ಬರುವ ಕ್ಷಣಮಾತ್ರದ ತೂಕಡಿಕೆ ಚಾಲಕರ ಜೊತೆಗೆ ಪ್ರಯಾಣಿಕರ, ಪಾದಚಾರಿಗಳ ಜೀವಕ್ಕೂ ಎರವಾಗುತ್ತದೆ.

ಎರಡು ಕಾಯಿಲೆ, ಒಬ್ಬರೇ ರೋಗಿ

ಸಿಒಪಿಡಿ ಮತ್ತು ಸ್ಲೀಪ್ ಆಪ್ನಿಯಾ ಒಬ್ಬರಲ್ಲೇ ಇರುವ ಸ್ಥಿತಿಯನ್ನು ಎಡಿನ್‌ಬರೊದ ಶ್ವಾಸಕೋಶ ತಜ್ಞ ಡೇವಿಡ್ ಫ್ಲೆನ್ಲಿ 1985ರಲ್ಲಿ ಓವರ್‌ಲ್ಯಾಪ್ ಸಿಂಡ್ರೋಮ್ ಎಂದು ಕರೆದರು. ಇವರಲ್ಲಿ ಆಮ್ಲಜನಕದ ಕುಸಿತ ಯಾವುದೇ ಒಂದು ಕಾಯಿಲೆ ಇರುವವರಿಗಿಂತ ಹೆಚ್ಚು ತೀವ್ರ. ಸಾಮಾನ್ಯ ಆಪ್ನಿಯಾ ರೋಗಿಯ ಆಮ್ಲಜನಕ ಎರಡು ತಡೆಗಳ ನಡುವೆ ಸಹಜ ಮಟ್ಟಕ್ಕೆ ಮರಳುತ್ತದೆ. ಇವರಲ್ಲಿ ಆರಂಭದ ಮಟ್ಟವೇ ತಗ್ಗಿರುವುದರಿಂದ ಚೇತರಿಸಿಕೊಳ್ಳುವ ಮುನ್ನವೇ ಮತ್ತೊಂದು ತಡೆ ಎದುರಾಗುತ್ತದೆ. 2010ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದರಲ್ಲಿ ಆಪ್ನಿಯಾಗೆ ಚಿಕಿತ್ಸೆ ಪಡೆಯದ ಇಂಥ ರೋಗಿಗಳಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು, ಸಿಪ್ಯಾಪ್ ಯಂತ್ರ ಬಳಸಿದವರಲ್ಲಿ ಆ ಹೆಚ್ಚುವರಿ ಅಪಾಯ ಕಂಡುಬರಲಿಲ್ಲ.

ತೊಡಕೆಂದರೆ, ಒಂದು ಕಾಯಿಲೆ ಪತ್ತೆಯಾದೊಡನೆ ಎಲ್ಲ ಲಕ್ಷಣಗಳನ್ನೂ ಅದರ ತಲೆಗೆ ಕಟ್ಟಲಾಗುತ್ತದೆ. ಇನ್‌ಹೇಲರ್ ಬಳಸುತ್ತಿರುವ ರೋಗಿಯ ಗೊರಕೆಯನ್ನು ಯಾರೂ ಕೇಳುವುದಿಲ್ಲ, ಗೊರಕೆಗೆಂದು ಬಂದ ಧೂಮಪಾನಿಯ ಶ್ವಾಸಕೋಶವನ್ನು ಯಾರೂ ಅಳೆಯುವುದಿಲ್ಲ. ಆದ್ದರಿಂದ ಎರಡೂ ಸಂಗತಿಗಳನ್ನು ವೈದ್ಯರಿಗೆ ರೋಗಿಯೇ ತಿಳಿಸುವುದು ಒಳಿತು.

ನಿದ್ದೆ ಮಾತ್ರೆಯ ಅಪಾಯ

ಡೈಯಾಜೆಪಾಮ್, ಅಲ್‌ಪ್ರಜೋಲಾಮ್‌ನಂಥ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತವೆ, ಉಸಿರಾಟದ ಪ್ರಚೋದನೆಯನ್ನು ತಗ್ಗಿಸುತ್ತವೆ. ತೀವ್ರ ಸಿಒಪಿಡಿ ಅಥವಾ ಚಿಕಿತ್ಸೆ ಪಡೆಯದ ಆಪ್ನಿಯಾ ಇರುವವರಲ್ಲಿ ಉಸಿರುತಡೆ ದೀರ್ಘವಾಗಬಹುದು, ಇಂಗಾಲದ ಡೈ ಆಕ್ಸೈಡ್ ಅಪಾಯಕರ ಮಟ್ಟಕ್ಕೇರಬಹುದು. ಮದ್ಯದೊಂದಿಗೆ ಸೇವಿಸಿದರೆ ಅಪಾಯ ಇಮ್ಮಡಿಸುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್‌ಗಳಿಗೂ ಈ ಮಾತು ಅನ್ವಯ. ಈ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನುಬಾಹಿರ. ಈಗಾಗಲೇ ಬಹುಕಾಲದಿಂದ ಸೇವಿಸುತ್ತಿರುವವರು ಮಾತ್ರ ಏಕಾಏಕಿ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ಹಂತಹಂತವಾಗಿ ತಗ್ಗಿಸಬೇಕು.

ಕಾಯಿಲೆಯ ಔಷಧಿಗಳೂ ಕೆಲವೊಮ್ಮೆ ನಿದ್ದೆಗೆಡಿಸುತ್ತವೆ. ಥಿಯೋಫಿಲಿನ್ ಮತ್ತು ಸ್ಟಿರಾಯ್ಡ್ ಮಾತ್ರೆಗಳು ಇದಕ್ಕೆ ಉದಾಹರಣೆ. ವೇಳೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ. ಎಲ್ಲ ಪರೀಕ್ಷೆಗಳ ನಂತರವೂ ಶುದ್ಧ ನಿದ್ರಾಹೀನತೆಯೇ ಎಂದು ಖಚಿತವಾದಾಗ ಮೊದಲ ಆಯ್ಕೆ ಮಾತ್ರೆಯಲ್ಲ, ನಿದ್ದೆಯ ಅಭ್ಯಾಸ ಮತ್ತು ಆಲೋಚನಾ ಕ್ರಮವನ್ನು ತಿದ್ದುವ ವರ್ತನಾ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಶಿಫಾರಸು ಮಾಡಿದೆ.

ಯಾವ ಪರೀಕ್ಷೆ?

ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಮೂಲ ಪರೀಕ್ಷೆ ಸ್ಪೈರೊಮೆಟ್ರಿ. ಇದರ ಉಪಕರಣವನ್ನು ರೂಪಿಸಿ 1846ರಲ್ಲಿ ವಿವರವಾದ ವರದಿ ಪ್ರಕಟಿಸಿದವರು ಲಂಡನ್ನಿನ ಜಾನ್ ಹಚಿನ್ಸನ್. ಜೋರಾಗಿ ಊದುವ ಈ ಪರೀಕ್ಷೆ ನೋವಿಲ್ಲದ್ದು, ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದ್ದು. ಎದೆಯ ಎಕ್ಸ್‌ರೇ ಸಹಜವಾಗಿದ್ದರೂ ಸ್ಪೈರೊಮೆಟ್ರಿಯಲ್ಲಿ ಅಸ್ತಮಾ, ಸಿಒಪಿಡಿ ಪತ್ತೆಯಾಗಬಹುದು.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಅನೇಕ ಮನೆಗಳಲ್ಲಿದೆ. ಹಗಲು ಎಚ್ಚರವಿದ್ದಾಗ ಅದು 96 ತೋರಿಸಿದರೆ ರಾತ್ರಿಯೂ ಹಾಗೆಯೇ ಇರುತ್ತದೆಂದು ಭಾವಿಸಬಾರದು. ಅದು ಇಂಗಾಲದ ಡೈ ಆಕ್ಸೈಡ್ ಪ್ರಮಾಣವನ್ನಂತೂ ತಿಳಿಸುವುದೇ ಇಲ್ಲ. ನಿದ್ದೆಯ ಉಸಿರಾಟ ತಿಳಿಯಲು ಪಾಲಿಸಾಮ್ನೊಗ್ರಫಿ ಎಂಬ ಇಡೀ ರಾತ್ರಿಯ ಪರೀಕ್ಷೆಯಿದೆ. ಮಿದುಳಿನ ಅಲೆ, ಕಣ್ಣಿನ ಚಲನೆ, ಉಸಿರಿನ ಹರಿವು, ಎದೆಯ ಏರಿಳಿತ, ಆಮ್ಲಜನಕ, ಹೃದಯ ಬಡಿತಗಳು ಇದರಲ್ಲಿ ಏಕಕಾಲಕ್ಕೆ ದಾಖಲಾಗುತ್ತವೆ. ಆಪ್ನಿಯಾ ಸಂಭವ ಹೆಚ್ಚಾಗಿದ್ದು ಬೇರೆ ಗಂಭೀರ ಕಾಯಿಲೆ ಇಲ್ಲದವರಿಗೆ ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೂ ಲಭ್ಯ.

ಹೃದಯದ ವೈಫಲ್ಯ ಇರುವವರಿಗೂ ಮಲಗಿದೊಡನೆ ದಮ್ಮು ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಎರಡು ವಾರ ಮೀರಿದ ಕೆಮ್ಮು, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಕ್ಷಯದ ತಪಾಸಣೆ ಮೊದಲು ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಚಿಕಿತ್ಸೆಯ ದಾರಿಗಳು

ಆಪ್ನಿಯಾಗೆ ಪ್ರಮುಖ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಮೂಗಿನ ಮುಖವಾಡದ ಮೂಲಕ ಸತತವಾಗಿ ಗಾಳಿಯ ಒತ್ತಡ ನೀಡಿ ಗಂಟಲಿನ ದಾರಿ ಮುಚ್ಚದಂತೆ ಇದು ತಡೆಯುತ್ತದೆ. ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು. ಆರಂಭದ ದಿನಗಳಲ್ಲಿ ಮುಖವಾಡ ಕಿರಿಕಿರಿ ಎನಿಸಿ ಹಲವರು ಬಿಟ್ಟುಬಿಡುತ್ತಾರೆ. ಅಳತೆಗೆ ಸರಿಯಾದ ಮುಖವಾಡ ಆರಿಸಿ, ಹಗಲಿನಲ್ಲಿ ಸ್ವಲ್ಪ ಹೊತ್ತು ಧರಿಸಿ ರೂಢಿ ಮಾಡಿಕೊಂಡರೆ ಹೊಂದಿಕೊಳ್ಳುವುದು ಸುಲಭ. ಸೌಮ್ಯ ಪ್ರಕರಣಗಳಲ್ಲಿ ಮಗ್ಗುಲಾಗಿ ಮಲಗುವುದು, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತ ಸಾಧನ ನೆರವಾಗುತ್ತವೆ. ತೂಕ ಶೇ. 10ರಷ್ಟು ಇಳಿದರೆ ಆಪ್ನಿಯಾ ಸೂಚ್ಯಂಕ ಸುಮಾರು ಶೇ. 26ರಷ್ಟು ತಗ್ಗುತ್ತದೆಂದು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಅಂದಾಜಿಸಿತ್ತು. ಸ್ಥೂಲಕಾಯದ ಆಪ್ನಿಯಾ ರೋಗಿಗಳಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು.

ಹಗಲಿನಲ್ಲೂ ಆಮ್ಲಜನಕ ತೀರ ಕಡಿಮೆಯಿರುವ ಸಿಒಪಿಡಿ ರೋಗಿಗಳು ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಪಡೆದರೆ ಆಯುಷ್ಯ ಹೆಚ್ಚುತ್ತದೆ. 1980 ಮತ್ತು 1981ರಲ್ಲಿ ಪ್ರಕಟವಾದ ಅಮೆರಿಕ ಹಾಗೂ ಬ್ರಿಟನ್‌ನ ಪ್ರಯೋಗಗಳು ಇದಕ್ಕೆ ಆಧಾರ. ಆದರೆ ದಮ್ಮು ಬಂತೆಂದು ಮನೆಯ ಆಕ್ಸಿಜನ್ ಕಾನ್ಸಂಟ್ರೇಟರ್ ಅನ್ನು ತಾವಾಗಿಯೇ ಹಚ್ಚಿಕೊಳ್ಳುವುದು ಸಲ್ಲದು. ಇಂಗಾಲದ ಡೈ ಆಕ್ಸೈಡ್ ಶೇಖರಣೆಯಾಗುವ ರೋಗಿಗಳಲ್ಲಿ ಅಳತೆ ಮೀರಿದ ಆಮ್ಲಜನಕದಿಂದ ಮಂಪರು, ಪ್ರಜ್ಞಾಹೀನತೆ ಉಂಟಾಗಬಹುದು. ಇಂಥವರ ಆಮ್ಲಜನಕ ಮಟ್ಟವನ್ನು ಸಾಮಾನ್ಯವಾಗಿ 88ರಿಂದ 92ರ ನಡುವೆ ಕಾಯ್ದುಕೊಳ್ಳಲಾಗುತ್ತದೆ. ಕೆಲವರಿಗೆ ರಾತ್ರಿ ಉಸಿರಾಟಕ್ಕೆ ಒತ್ತಾಸೆ ನೀಡುವ ಬೈಪ್ಯಾಪ್ ಯಂತ್ರ ಬೇಕಾಗುತ್ತದೆ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಧೂಮಪಾನ ತ್ಯಜಿಸುವುದು. ಶ್ವಾಸಕೋಶದ ಕುಸಿತದ ವೇಗವನ್ನು ತಗ್ಗಿಸುವಲ್ಲಿ ಇದಕ್ಕೆ ಸಾಟಿಯಿಲ್ಲ.

ಮಲಗುವ ಕೋಣೆಯಲ್ಲಿ ಗಮನಿಸಿ

* ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಉರಿಸಬೇಡಿ. ಒಂದು ಸುರುಳಿಯಿಂದ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಸೊಳ್ಳೆಪರದೆ ಸುರಕ್ಷಿತ.
* ಮಲಗುವ ಕೋಣೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಹೊಗೆ ಬೇಡ.
* ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ.
* ರಾತ್ರಿಯೂಟಕ್ಕೂ ನಿದ್ದೆಗೂ ಎರಡು-ಮೂರು ಗಂಟೆ ಅಂತರವಿರಲಿ. ಎದೆಯುರಿ ಇದ್ದರೆ ಮಂಚದ ತಲೆಭಾಗವನ್ನು ಎತ್ತರಿಸಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಉಸಿರುಕಟ್ಟಿ ಎಚ್ಚರವಾಗುವುದು, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಂದು ಮನೆಯವರು ಹೇಳುವುದು, ಬೆಳಗಿನ ತಲೆನೋವು, ಹಗಲಿನ ಅತಿಯಾದ ತೂಕಡಿಕೆ, ಔಷಧಿಗೆ ಬಗ್ಗದ ರಕ್ತದೊತ್ತಡ, ಎರಡು ವಾರ ಮೀರಿದ ಕೆಮ್ಮು, ಕಾಲಿನ ಊತ ಇವುಗಳಲ್ಲಿ ಯಾವುದಿದ್ದರೂ ತಪಾಸಣೆ ಅಗತ್ಯ. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಮಾತನಾಡಲಾಗದಷ್ಟು ದಮ್ಮು ಬಂದರೆ, ರೋಗಿ ಗೊಂದಲಕ್ಕೀಡಾಗಿ ಮಂಪರಿಗೆ ಜಾರಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಶ್ವಾಸಕೋಶದ ಕಾಯಿಲೆಗಳಿಗೇ ಮೀಸಲಾದ ಸರ್ಕಾರಿ ಆಸ್ಪತ್ರೆ. ಉಳಿದ ಊರುಗಳವರು ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಎದೆರೋಗ ವಿಭಾಗವನ್ನು ಸಂಪರ್ಕಿಸಬಹುದು. ಹೋಗುವ ಮುನ್ನ ಎರಡು ವಾರಗಳ ಟಿಪ್ಪಣಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಮಲಗಿದ್ದು ಎಷ್ಟು ಗಂಟೆಗೆ, ಎಚ್ಚರವಾದದ್ದು ಯಾವಾಗ, ಆಗ ಕೆಮ್ಮಿತ್ತೇ ದಮ್ಮಿತ್ತೇ, ಎದ್ದು ಕುಳಿತಾಗ ಕಡಿಮೆಯಾಯಿತೇ ಎಂಬಷ್ಟು ವಿವರ ಸಾಕು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಬೇಕು. ಸಾಧ್ಯವಾದರೆ ಅದೇ ಕೋಣೆಯಲ್ಲಿ ಮಲಗುವವರನ್ನೂ ಕರೆದೊಯ್ಯಬೇಕು. ರೋಗಿಗೆ ತಿಳಿಯದ ರಾತ್ರಿಯ ಸಂಗತಿಗಳನ್ನು ವೈದ್ಯರಿಗೆ ಹೇಳಬಲ್ಲವರು ಅವರೇ.